ಬಳೆಗೆ ಸುತ್ತಿದ ಬಟ್ಟೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಶಾಲೆಗೆ ಸೇರುವ ವಯಸ್ಸಿನಲ್ಲಿ ನನ್ನನ್ನು ಕೊರ್ಲಹಳ್ಳಿಯಿಂದ ಬೆಟಗೇರಿಗೆ ಕರೆತಂದ ದಿನ ಅಪ್ಪನ ಆಟೋದ ಬೆನ್ನಿನ ಮೇಲೆ ಎರಡು ನವಿಲುಗಳ ಚಿತ್ರವಿತ್ತು ಎಂದು ನನ್ನ ನೆನಪು. ಅವ್ವ ಅದನ್ನು ಒಪ್ಪುವುದಿಲ್ಲ. ಆ ವರ್ಷ ಅಪ್ಪ ಇನ್ನೂ ಆಟೋ ತೆಗೆದುಕೊಂಡಿರಲಿಲ್ಲವಂತೆ. ಮುಂಡರಗಿಯವರೆಗೆ ಟೆಂಪೋದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದೆವಂತೆ. ಅವ್ವನ ಮಾತು ಬಿಟ್ಟರೂ, ಆಟೋದ ಒಳಗೆ ಕುಳಿತವಳಿಗೆ ಅದರ ಬೆನ್ನಿನ ಚಿತ್ರ ಹೇಗೆ ಕಂಡಿತು ಎಂದು ನಾನೇ ಕೇಳಿಕೊಂಡಿದ್ದೇನೆ. ಕೈಯಲ್ಲಿ ಬೆಲ್ಲದ ತುಂಡು ಇತ್ತು ಎಂದೂ ಅನಿಸುತ್ತದೆ. ಅದು ಬೇರೆ ಯಾವುದೋ ದಿನದ ಬೆಲ್ಲವಿರಬಹುದು.

ಒಂದನ್ನು ಮಾತ್ರ ನಾನು ಇಷ್ಟು ವರ್ಷ ಅನುಮಾನಿಸಿರಲಿಲ್ಲ. ನನ್ನನ್ನು ಹೊಸ್ತಿಲು ದಾಟಿಸುವಾಗ ಹಿತ್ತಲಿನ ಬಣವೆಯ ಕಡೆಯಿಂದ ಗಾಜಿನ ಬಳೆಗಳ ಸದ್ದು ಬಂದಿತ್ತು. ದೊಡ್ಡವ್ವನ ಬಳೆಗಳು. ಅವಳು ಕಾಣಲಿಲ್ಲ. ನಾನು ಅತ್ತ ತಿರುಗಿದೆ, ಯಾರೋ ನನ್ನನ್ನು ಎತ್ತಿಕೊಂಡು ನಡೆದರು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳಿಗೆ ಮಕ್ಕಳಾಗಲಿಲ್ಲ. ನಾನು ಕೊರ್ಲಹಳ್ಳಿಯ ಅವಳ ಮನೆ ಸೇರಿದ್ದು ಹಾಲು ಬಿಡಿಸುವ ನೆಪದಲ್ಲಿ. ಅವ್ವನ ಹೊಟ್ಟೆಯಲ್ಲಿ ತಮ್ಮ ಇದ್ದ; ನಾನು ಹಾಲು ಬಿಡಲು ಒಲ್ಲೆ ಎನ್ನುತ್ತಿದ್ದೆ. ಅವ್ವ ಬೇವಿನ ಎಲೆ ಅರೆದು ಎದೆಗೆ ಹಚ್ಚಿಕೊಂಡರೆ ಅಳುತ್ತಲೇ ಕುಡಿಯುತ್ತಿದ್ದೆನಂತೆ. ಬೇವಿಗೂ ಬಗ್ಗದ ಮಗುವನ್ನು ನಮ್ಮ ಮನೆಗಳಲ್ಲಿ ಅಜ್ಜಿಯ ಬಳಿಯೋ ದೊಡ್ಡವ್ವನ ಬಳಿಯೋ ಬಿಟ್ಟುಬರುತ್ತಾರೆ. ಮಗು ರೊಟ್ಟಿ, ಅನ್ನ ಹಿಡಿಯುವವರೆಗೆ ತಾಯಿ ಆ ಕಡೆ ಸುಳಿಯಬಾರದು. ಸಾಮಾನ್ಯವಾಗಿ ಕೆಲವು ವಾರಗಳ ಮಾತು. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ತಮ್ಮ ಹುಟ್ಟುವಾಗಲೇ ನಿತ್ರಾಣ, ಅವ್ವ ಆಸ್ಪತ್ರೆಗೂ ಮನೆಗೂ ಅಲೆದಳು, ಜೊತೆಗೆ ನೆರೆಮನೆಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸ. ನಾನು ಕೊರ್ಲಹಳ್ಳಿಯಲ್ಲೇ ಉಳಿದೆ. ದೊಡ್ಡವ್ವನನ್ನು ಅವ್ವ ಎಂದು ಕರೆಯುತ್ತಿದ್ದೆನಂತೆ. ಹೆತ್ತವಳು ಬಂದರೆ ಅವಳು ಬೆಟಗೇರಿ ಅವ್ವ.

ಆಮೇಲೆ ಶಾಲೆಗೆ ಹಾಕಬೇಕೆಂದು ನನ್ನನ್ನು ಕರೆದುಕೊಂಡು ಹೋದರು. ಆ ದಿನ ದೊಡ್ಡವ್ವ ಮನೆಯಲ್ಲಿ ಇರಲಿಲ್ಲ. ಎಲ್ಲಿದ್ದಳು ಎಂದು ಅವ್ವನನ್ನು ಕೇಳಿದರೆ ಒಮ್ಮೆ, "ಹೊಳಿಗೆ ಅರಿವಿ ಒಗ್ಯಾಕ ಹೋಗಿದ್ಲು" ಎನ್ನುತ್ತಾಳೆ. ಇನ್ನೊಮ್ಮೆ, "ಯಾರದೋ ಹೊಲಕ್ಕ ಹೋಗಿದ್ಲು, ನನಗೇನ ನೆನಪೈತಿ" ಎನ್ನುತ್ತಾಳೆ. ನಾನು ಧಾರವಾಡದಲ್ಲಿ ಓದಿದೆ, ಗದಗಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮಲಗುವ ಮೊದಲು ನಾಲ್ಕು ಸಾಲು ಬರೆದಿಡುವ ಚಟವಿದೆ. ಆದರೂ ನನ್ನ ಬದುಕಿನ ಈ ಒಂದು ಪ್ರಶ್ನೆಯನ್ನು ದೊಡ್ಡವ್ವನ ಮುಂದೆ ಇಡಲು ಬಾಯಿ ಬಂದಿರಲಿಲ್ಲ. ಆ ದಿನ ಅವಳು ಬೇಕೆಂದೇ ಕಾಣದೆ ಉಳಿದಳೇ? ಉಳಿದದ್ದು ನನಗಾಗಿಯೇ, ತನಗಾಗಿಯೇ?

ಕಳೆದ ವರ್ಷದ ಮುಂಗಾರಿನಲ್ಲಿ ಅವಳೇ ಫೋನ್ ಮಾಡಿದಳು.

"ಕಾಲೇಜ ಸೂಟಿ ಐತೇನ ಮಗಳ?"

"ಐತಿ, ದೊಡ್ಡವ್ವ."

"ಹಂಗಾದ್ರ ಬಾ. ಮೀನಿನ ಮರಿಗೆ ಹಾಲ ಬಿಡಸಬೇಕಾಗೇತಿ."

"ಮೀನ ಯಾವಾಗ ಹಾಲ ಕುಡದಾವು?"

"ಫೋನಿನ್ಯಾಗ ತಿಳಿಯೂದಿಲ್ಲ ನಿನಗ. ನಿಮ್ಮ ದೊಡ್ಡಪ್ಪನ ಕೈಲೆ ಆಗೂದಿಲ್ಲ ಇದು. ಬಾ ನೀ."

ಹಿಂದಿನಿಂದ ದೊಡ್ಡಪ್ಪನ ದನಿ ಬಂತು: "ಆಷಾಢ ಐತಿ, ತವರಿಗೆ ಬಂದಂಗ ಆಕ್ಕತಿ, ಬಾ." ನನಗೆ ಮದುವೆಯಾಗಿಲ್ಲ, ಅದನ್ನು ನೆನಪಿಸಲು ಅವನಿಗೆ ಯಾವ ನೆಪವೂ ಸಾಕು.

ಹೋದೆ. ಮುಂಡರಗಿ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಮಣ್ಣಿನ ವಾಸನೆ. ತುಂಗಭದ್ರೆಗೆ ಹೊಸ ನೀರು ಬಂದು ಹೊಳೆ ಕೆಂಪಾಗಿತ್ತು. ದೊಡ್ಡಪ್ಪ ಆಯುಷ್ಯವೆಲ್ಲ ಆ ಹೊಳೆಯಲ್ಲಿ ಬಲೆ ಬೀಸಿದವನು. ಈಗ ಮೊಣಕಾಲು ಹಿಡಿದುಕೊಂಡು ಹರಿಗೋಲು ಹತ್ತಲಾಗದೆ, ಹಿತ್ತಲಿನಲ್ಲಿ ಮರಿ ಸಾಕುವ ಕೆಲಸ ಶುರುಮಾಡಿದ್ದ. ಹೊರಗಿನಿಂದ ಸಣ್ಣ ಮರಿ ತರಿಸಿ, ಬೆರಳಿನಷ್ಟು ಬೆಳೆಸಿ, ಕೃಷಿ ಹೊಂಡದವರಿಗೆ ಮಾರುವುದು. ಹಿಂದೆ ಬಣವೆ ಇದ್ದ ಜಾಗದ ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಮೇಲೆ ನೆರಳಿಗೆ ತಾಡಪತ್ರಿ ಕಟ್ಟಿದ್ದರು. ಬಣವೆ ಈಗಿಲ್ಲ. ಎಮ್ಮೆಗಳೂ ಇಲ್ಲ.

ಮೊದಲ ನೋಟಕ್ಕೆ ತೊಟ್ಟಿಯಲ್ಲಿ ಏನೂ ಕಾಣಲಿಲ್ಲ. ಮಂದ ಬಣ್ಣದ ನೀರು, ತಳದಲ್ಲಿ ಒಡೆದ ಹಂಚುಗಳು, ಪೈಪಿನ ತುಂಡುಗಳು.

"ಎಲ್ಲಿ ಅದಾವ?"

"ಬೆಳಕಿಗೆ ನಾಚತಾವ," ಎಂದಳು ದೊಡ್ಡವ್ವ. "ಹಂಚಿನ ಬುಡಕ ಅಡಕ್ಕೊಂಡಾವ. ಹೊತ್ತ ಮುಣಗಲಿ, ತಡಿ."

ಮರಿ ತಂದುಕೊಟ್ಟವನು ಅದನ್ನು ಮಾಗೂರು ಎನ್ನುತ್ತಿದ್ದನಂತೆ. ದೊಡ್ಡಪ್ಪನಿಗೆ ಅದು ಮೀಸಿ ಮೀನ. ಹೊತ್ತು ಇಳಿಯುವಾಗ ದೊಡ್ಡವ್ವ ಒಂದು ಬಟ್ಟಲು ಹಿಡಿದು ಬಂದಳು. ತಿಪ್ಪೆಯ ಬುಡದಿಂದ ಅಗೆದು ತಂದ ಎರೆಹುಳುಗಳನ್ನು ತೊಳೆದು, ಈಳಿಗೆಯಲ್ಲಿ ಸಣ್ಣಗೆ ಹೆಚ್ಚಿದ್ದಳು. ನಾನು ಮುಖ ತಿರುಗಿಸಿದ್ದನ್ನು ನೋಡಿ ನಕ್ಕಳು. ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೈ ಚಾಚಿದಳು. ಹಸಿರು ಬಳೆಗಳು ಸಿಮೆಂಟಿಗೆ ತಾಗಿ ಕಿಣಿಕಿಣಿ ಎಂದವು.

ಹಂಚಿನ ಕೆಳಗಿನಿಂದ ಮರಿಗಳು ಹೊರಟವು. ಕಪ್ಪು ದಾರದ ತುಂಡುಗಳಂತೆ. ತಲೆ ಚಪ್ಪಟೆ, ಬಾಯಿಯ ಸುತ್ತ ಮೀಸೆ, ಮೈಮೇಲೆ ಒಂದೂ ಹುರುಪೆಯಿಲ್ಲ. ಕೆಲವು ನೇರ ಮೇಲೆ ಬಂದು, ಮೂತಿ ಹೊರಗಿಟ್ಟು ಗಾಳಿ ಗುಟುಕರಿಸಿ, ಮತ್ತೆ ಕೆಳಗೆ ಧುಮುಕಿದವು. ಆ ಗುಟುಕಿನ ಸದ್ದು ಎಷ್ಟು ಸಣ್ಣದೆಂದರೆ, ನಾವು ಮಾತು ನಿಲ್ಲಿಸಿದ ಮೇಲೆ ಕೇಳಿತು. ಉಳಿದವೆಲ್ಲ ದೊಡ್ಡವ್ವನ ಕೈಯ ಕೆಳಗೆ ಸೇರಿದ್ದವು, ಹುಳು ಬೀಳುವ ಮುಂಚೆಯೇ.

"ನೋಡಿದೇನ?" ಎಂದಳು. "ಇದ ನೋಡ ತೊಂದ್ರಿ."

ತೊಂದರೆ ಏನೆಂದರೆ, ಮರಿಗಳು ಹುಳುವಿನ ಹೊರತು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಜೀವ ಇರುವುದನ್ನು, ಇಲ್ಲವೆ ಜೀವದ ವಾಸನೆ ಇರುವುದನ್ನು ತಿಂದು ಬೆಳೆಯುತ್ತಿರುವ ಮರಿಗಳನ್ನು ಒಣ ತಿನಿಸಿಗೆ ತಿರುಗಿಸಬೇಕು. ಅಕ್ಕಿ ತೌಡು, ಶೇಂಗಾ ಹಿಂಡಿ, ಒಣಮೀನಿನ ಪುಡಿ ಸೇರಿಸಿದ ಹಿಟ್ಟು ತಯಾರಿತ್ತು. ಯಳವತ್ತಿಯ ಒಬ್ಬ ರೈತ ಇಡೀ ತೊಟ್ಟಿಯ ಮರಿಗಳನ್ನು ತನ್ನ ಹೊಂಡಕ್ಕೆ ಕೇಳಿದ್ದ. ಹಿಟ್ಟು ತಿನ್ನುವ ಮರಿಯಾದರೆ ಮಾತ್ರ.

"ಅದಕ್ಕ ನಾ ಯಾಕ?" ಎಂದೆ.

"ಹುಳ ಕೊಟ್ಟ ಕೈಲೇ ಹಿಟ್ಟ ಕೊಟ್ರ ತಿನ್ನೂದಿಲ್ಲ ಅವು. ಈಕಿ ಕಡೆ ಹುಳ ಐತಿ, ಕೊಡವಲ್ಲಳು ಅಂತ ಕಾಯಕೋತ ಕುಂಡ್ರತಾವ. ಹಾಲ ಬಿಡಸೂ ಮುಂದ ಹಾಲ ಕೊಟ್ಟಾಕಿ ಕಣ್ಣಿಗೆ ಬೀಳಬಾರ್ದು. ಬ್ಯಾರೆ ಕೈ ಬೇಕು."

"ಮೀನಿಗೆ ನಿನ್ನ ಗುರ್ತು ಹ್ಯಾಂಗ ಹತ್ತತೈತಿ?"

"ಯಾಕ ಹತ್ತೂದಿಲ್ಲ? ನಾ ಬಂದ್ರ ಮ್ಯಾಲ ಬರತಾವ. ನಿಮ್ಮ ದೊಡ್ಡಪ್ಪ ಬಂದ್ರ ತಳಾ ಸೇರತಾವ."

ಬಾಗಿಲ ಬಳಿ ಕುಳಿತು ಬಲೆಯ ಹರಕು ಹೊಲಿಯುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ ಹೇಳಿದ: "ಹೊಳಿಯಾಗ ಅವರ ಮಂದೀನ ಆಯುಷ್ಯ ಪೂರ್ತಿ ಹಿಡದೇನಿ. ಖಬರ ಹೋಗಿರತೈತಿ."

ಮರುದಿನ ಬೆಳಿಗ್ಗೆ ದೊಡ್ಡವ್ವ ಹಳೆಯ ಸೀರೆಯೊಂದನ್ನು ಹರಿದು, ಎರಡೂ ಕೈಯ ಬಳೆಗಳಿಗೆ ಬಟ್ಟೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಗಂಡ ಇರುವಾಗ ಬಳೆ ತೆಗೆಯುವ ಹಾಗಿಲ್ಲ. ಸದ್ದು ಬರುವ ಹಾಗೂ ಇಲ್ಲ. ಹಿತ್ತಲಿಗೆ ಬರಬೇಕಾದರೆ ತೊಟ್ಟಿಯಿಂದ ದೂರ, ಗೋಡೆಗೆ ಆತುಕೊಂಡು ನಡೆಯತೊಡಗಿದಳು. ನೆರಳು ನೀರಿಗೆ ಬೀಳಬಾರದು. ಅದನ್ನು ನೋಡಿ ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ.

"ಕಳ್ಳಿ ಬಂದ್ಲು, ಹುಷಾರ್ರೋ," ಎಂದು ಮೀನಿಗೆ ಕೂಗಿ ಹೇಳಿದ.

"ನೀವ ಸುಮ್ನಿರ್ರಿ. ನಿಮ್ಮ ದನಿ ಕೇಳೇ ಅರ್ಧ ಸಾಯ್ತಾವ."

ನೀರಿಗೆ ಬಂದ ಪಕ್ಕದ ಮನೆಯವಳು ಅವಳ ಕೈ ನೋಡಿ ನಿಂತಳು. "ಏನಾತಬೇ ಕೈಗೆ? ಎಲುಬ ಗಿಲುಬ ಸರದೈತೇನ?"

"ಏನಿಲ್ಲ. ಮೀನಿಗೆ ಹಾಲ ಬಿಡಸಾಕತ್ತೇವಿ."

ಆ ಹೆಂಗಸು ದೊಡ್ಡವ್ವನನ್ನು ನೋಡಿದಳು, ನನ್ನನ್ನು ನೋಡಿದಳು, ಕೊಡ ಎತ್ತಿಕೊಂಡು ಹೋದಳು. ಆ ಮಾತು ಊರ ತುಂಬ ಹೋಗಿ ಬಂತು.

ನನಗೂ ನಗು ಬರುತ್ತಿತ್ತು. ಆದರೆ ಗೋಡೆಗೆ ಆತುಕೊಂಡು, ಸದ್ದು ಸತ್ತ ಕೈಗಳನ್ನು ಎದೆಗೆ ಒತ್ತಿಕೊಂಡು ನಡೆಯುವ ಆ ಹೆಂಗಸನ್ನು ನೋಡುವಾಗ ನಗು ಅರ್ಧಕ್ಕೆ ನಿಲ್ಲುತ್ತಿತ್ತು. ಹಾಲು ಬಿಡಿಸುವಾಗ ಕೊಟ್ಟವಳು ಕಣ್ಣಿಗೆ ಬೀಳಬಾರದು. ಅವಳಿಗೆ ಇದು ಮೀನಿನಿಂದ ಗೊತ್ತಾದ ವಿಷಯವಲ್ಲ. ನನ್ನನ್ನು ಬೆಟಗೇರಿಗೆ ಒಯ್ದ ಮೇಲೆ ಅವಳು ಬಹಳ ಕಾಲ ನಮ್ಮ ಮನೆಗೆ ಬಂದಿರಲಿಲ್ಲ ಎಂಬುದು ನೆನಪಾಯಿತು. ನನಗೆ ನೆನಪಾಯಿತೋ, ಅವ್ವ ಯಾವಾಗಲೋ ಹೇಳಿದ್ದು ನೆನಪಾಗಿ ನಿಂತಿತೋ, ಇದನ್ನೂ ಖಾತ್ರಿಯಾಗಿ ಹೇಳಲಾರೆ.

ನನ್ನ ಕೆಲಸ ಸುಲಭವಾಗಿ ಕಾಣುತ್ತಿತ್ತು. ಹಿಟ್ಟನ್ನು ನೀರಿನಲ್ಲಿ ಮಿದ್ದು ಉಂಡೆ ಮಾಡಿ, ಮಣ್ಣಿನ ತಟ್ಟೆಯಲ್ಲಿಟ್ಟು, ತೊಟ್ಟಿಯ ಒಂದೇ ಮೂಲೆಯಲ್ಲಿ ಇಳಿಸಬೇಕು. ಇಳಿಸುವ ಮುಂಚೆ ಸ್ಟೀಲಿನ ಲೋಟದಿಂದ ಅಂಚಿಗೆ ಬಡಿಯಬೇಕು. ಬಳೆಯ ಬದಲು ಲೋಟ, ಹುಳುವಿನ ಬದಲು ಹಿಟ್ಟು, ಅವಳ ಬದಲು ನಾನು. ಇದಿಷ್ಟೂ ದೊಡ್ಡವ್ವನ ಲೆಕ್ಕಾಚಾರ. ಬಡಿದೆ, ಇಳಿಸಿದೆ, ಕಾದೆ. ಒಂದೂ ಬರಲಿಲ್ಲ. ಗಾಳಿಗೆ ಬಂದವು ಕೂಡ ತಟ್ಟೆಯನ್ನು ಬಳಸಿ ಹೋದವು. ಬೆಳಿಗ್ಗೆ ನೋಡಿದರೆ ಉಂಡೆ ಕರಗಿ ನೀರು ಬೆಳ್ಳಗೆ ಕದಡಿತ್ತು, ಹುಳಿ ವಾಸನೆ. ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆದು ತಳದ ಹೊಲಸನ್ನು ಹೊರಗೆ ಹರಿಸಬೇಕಾಯಿತು. ಮೊದಲ ಸಲ ಆ ನೀರು ಬಾಯಿಗೇ ಬಂತು. ಓಡಿಹೋಗಿ ಮುಕ್ಕಳಿಸುವಾಗ ದೊಡ್ಡಪ್ಪ ಕೇಳಿದ: "ಹ್ಯಾಂಗೈತಿ ಸಾರ? ಉಪ್ಪ ಖಾರ ಬರೋಬರಿ ಐತಿಲ್ಲೋ?"

ಆ ವಾರ ಯಳವತ್ತಿಯವನು ಬೈಕಿನ ಮೇಲೆ ಬಂದು ತೊಟ್ಟಿಗೆ ಇಣುಕಿದ. ದಪ್ಪ ಮೀಸೆಯ ಮನುಷ್ಯ. ಮೀನುಗಳಿಗೆ ಬಂಧು ಎಂದು ದೊಡ್ಡಪ್ಪ ಅವನಿಗೆ ಮುಖದ ಮೇಲೆಯೇ ಹೇಳುತ್ತಿದ್ದ.

"ಹಿಟ್ಟ ಹಿಡದಾವೇನ್ರೀ ದೊಡ್ಡಮ್ಮ?"

"ಇನ್ನಾ ಇಲ್ಲ. ಹಿಡೀತಾವ."

"ಹಿಡಿದ್ರಷ್ಟ ಒಯ್ಯತೇನಿ ನೋಡ್ರಿ ಮತ್ತ. ದಿನಾ ಹುಳ ಹೆಚ್ಚಿ ಹಾಕಾಕ ನಾ ಇನ್ನೊಂದ ಲಗ್ನ ಆಗಬೇಕಾಕ್ಕತಿ."

"ಇದ್ದಾಕಿ ನಿನ್ನ ಹ್ಯಾಂಗ ತಾಳಕೊಂಡಾಳ ಅನ್ನೂದ ನಮಗ ತಿಳೀವಲ್ದು. ಹಿಂದಿನ ವಾರ ಬಾ ಅಂದ್ರ ಈಗ ಬಂದಿ. ಕುಂಡ್ರು, ಚಾ ಕುಡಿ."

ಅವನು ಚಹಾ ಕುಡಿದು, ಇನ್ನೊಮ್ಮೆ ಇಣುಕಿ ಹೋದ. ದೊಡ್ಡವ್ವ ಅವನ ಬೈಕಿನ ಸದ್ದು ಅಡಗುವವರೆಗೆ ಬಾಗಿಲಲ್ಲೇ ನಿಂತಿದ್ದಳು.

ಮರಿಗಳು ಸೊರಗತೊಡಗಿದವು. ದೇಹ ಸಣ್ಣಗಾಗಿ ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಹಸಿದ ಮೀಸೆ ಮೀನು ಪಕ್ಕದ್ದರ ಬಾಲ ಕಚ್ಚುತ್ತದೆ, ಆಮೇಲೆ ಇಡಿಯಾಗಿ ನುಂಗುತ್ತದೆ. ದೊಡ್ಡಪ್ಪ ಹಿಟ್ಟಿನ ಸಾಣಿಗೆಯನ್ನೇ ತಂದು, ಮೆಲ್ಲಗೆ ನೀರಿನಲ್ಲಿ ಆಡಿಸಿ, ಸಣ್ಣವನ್ನು ಬೇರೆ ಮಾಡಿ ದೊಡ್ಡ ಬೋಗಾಣಿಗೆ ಹಾಕಿದ. ಸಾಣಿಗೆ ಹೋಯಿತೆಂದು ದೊಡ್ಡವ್ವ ಬೈಯಲಿಲ್ಲ. ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ.

"ಎಷ್ಟ ಬಡವಾಗ್ಯಾವ?" ಎಂದು ಅಲ್ಲಿಂದಲೇ ಕೇಳಿದಳು.

"ಅದಾವ, ಸಣ್ಣಾಗ್ಯಾವ."

"ಬಾಯಿ ತೆರೀತಾವೇನ?"

"ತೆರೀತಾವ, ದೊಡ್ಡವ್ವ."

ಅದಾದ ಮೇಲೊಂದು ಬೆಳಿಗ್ಗೆ, ತಳ ತೊಳೆಯುವಾಗ, ಪೈಪಿನಿಂದ ಹೊರಬಿದ್ದ ಹೊಲಸಿನಲ್ಲಿ ಕೆಂಪಗಿನ ಚೂರುಗಳು ಕಂಡವು. ಬೆರಳಿನಿಂದ ಬಿಡಿಸಿ ನೋಡಿದೆ. ಎರೆಹುಳುವಿನ ತುಂಡುಗಳು. ನಾನು ಹಾಕಿರಲಿಲ್ಲ. ಹಿಂದಿನ ಸಂಜೆ ಮುಂಡರಗಿಗೆ ಹೋಗಿ ಬಂದಿದ್ದೆ, ಮೊಬೈಲಿನ ಚಾರ್ಜರ್ ತರಲು. ಹೊತ್ತು ಮುಳುಗುವಾಗ ಇಲ್ಲಿ ಇರಲಿಲ್ಲ.

ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಸುತ್ತಿದ ಬಳೆಗಳ ಕಾರಣ ಬಡಿತ ಮೊಂಡಾಗಿ ಕೇಳುತ್ತಿತ್ತು. ಅಂಗೈಯಲ್ಲಿ ಆ ಚೂರುಗಳನ್ನು ಹಿಡಿದು ಅವಳ ಮುಂದೆ ನಿಂತೆ. ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಒಂದ ಹಿಡಿ ಹಾಕೇನಿ," ಎಂದಳು. "ಬಳಿ ಸದ್ದ ಮಾಡಿಲ್ಲ."

"ಮತ್ತ ಮೊದಲಿನಿಂದ ಸುರು ಮಾಡಬೇಕು ನಾ."

"ಗೊತ್ತೈತಿ."

"ಕಣ್ಣಿಗೆ ಬೀಳಬಾರ್ದು ಅಂದಾಕಿ ನೀನ."

"ಹೇಳೂದ ಹಗರ ಇರತೈತಿ, ಮಗಳ. ಕಿಡಕ್ಯಾಗ ನಿಂತ ನೋಡೂದ ಹಗರ ಇರೂದಿಲ್ಲ." ಆಮೇಲೆ, ನನ್ನ ಮುಖ ನೋಡಿ: "ಅದನ್ನ ಚೆಲ್ಲಿ ಕೈ ತೊಳಕೊ. ರೊಟ್ಟಿ ಆರತೈತಿ."

 ಉಣ್ಣುವಾಗ ದೊಡ್ಡಪ್ಪ ಬಾಯಿ ತೆಗೆದ. "ಆ ಹುಳ ಆಕಿ ಹಾಕಿದ್ರೇನ, ನೀ ಹಾಕಿದ್ರೇನ. ಹಿಟ್ಟಿನ್ಯಾಗ ಹುಳಾನ ಕಲಸರಿ. ಇವತ್ತ ಹುಳ ಜಾಸ್ತಿ, ಹಿಟ್ಟ ಕಡಿಮಿ. ನಾಳೆ ಒಂದೀಟ ತಿರುಗಸರಿ. " ದೊಡ್ಡವ್ವನ ಕಡೆ ತಿರುಗಿದ. "ಹಿಂಗ ಮಾಡಂತ ಮರಿ ಕೊಟ್ಟಾಂವ ಹೇಳಿದ್ನಲ್ಲ ನಿನಗ?"

"ಹೇಳಿದ್ದ," ಎಂದಳು ದೊಡ್ಡವ್ವ. "ಒಮ್ಮಿಗೇ ಬಿಡಸಿದ್ರ ಜಲ್ದಿ ಮರೀತಾವ ಅಂದ್ಕೊಂಡೆ."

ಯಾರಿಗೆ ಯಾವುದನ್ನು ಒಮ್ಮೆಗೇ ಬಿಡಿಸಿದ್ದು ಎಂದು ನಾನು ಕೇಳಲಿಲ್ಲ.

ಹೊಸ ಕ್ರಮ ಶುರುವಾಯಿತು. ಹುಳುವನ್ನು ಅವಳು ಹೆಚ್ಚಿ ಕೊಡುತ್ತಿದ್ದಳು, ಹಿಟ್ಟಿನೊಂದಿಗೆ ನಾನು ಮಿದಿಯುತ್ತಿದ್ದೆ. ಮೊದಲ ಮೊದಲು ಅದು ಕೆಂಪು ಉಂಡೆ. ಲೋಟ ಬಡಿದು ತಟ್ಟೆ ಇಳಿಸಿದರೆ ಮರಿಗಳು ಬಂದವು, ಮೀಸೆಯಿಂದ ತಡವಿದವು, ಹುಳುವನ್ನು ಹೆಕ್ಕಿ ಹಿಟ್ಟನ್ನು ಉಗುಳಿದವು. ಉಗುಳುವುದೆಂದರೆ ಮಕ್ಕಳು ಉಗುಳುವ ಹಾಗೆಯೇ. ಬಾಯಿಂದ ಸಣ್ಣ ಹೊಗೆಯಂತೆ ಪುಡಿ ಹೊರಬರುತ್ತಿತ್ತು. ಆಮೇಲೆ ಉಗುಳುವುದು ಕಡಿಮೆಯಾಯಿತು. ಉಂಡೆಯ ಕೆಂಪು ದಿನದಿನಕ್ಕೆ ಇಳಿದು ಮಣ್ಣಿನ ಬಣ್ಣಕ್ಕೆ ಬಂತು. ಬೋಗಾಣಿಯ ಸಣ್ಣ ಮರಿಗಳು ಹಿಂದೆ ಉಳಿದವು, ಕೆಲವು ಸತ್ತವು. ಅವನ್ನು ದೊಡ್ಡಪ್ಪ ನುಗ್ಗೆಯ ಗಿಡದ ಬುಡಕ್ಕೆ ಹಾಕಿದ, ದೊಡ್ಡವ್ವನಿಗೆ ಹೇಳಬೇಡ ಎಂದ. ಅವಳಿಗೆ ಗೊತ್ತಿತ್ತು ಅನಿಸುತ್ತದೆ. ಆ ದಿನಗಳಲ್ಲಿ ಅವಳು ನುಗ್ಗೆಯ ಗಿಡದ ಕಡೆ ನೋಡುತ್ತಿರಲಿಲ್ಲ. ಇದು ನನ್ನ ಊಹೆಯೂ ಇರಬಹುದು.

ಆ ಸಂಜೆಗಳು ನನಗೆ ಇಷ್ಟವಾಗತೊಡಗಿದವು ಎಂದು ಬರೆಯಲು ಹಿಂಜರಿಕೆ. ಹೊಳೆಯ ಕಡೆಯಿಂದ ಬರುವ ತಂಪು, ತಾಡಪತ್ರಿಯ ಪಟಪಟ, ಕಿಟಕಿಯ ಹಿಂದೆ ಒಲೆಯ ಬೆಳಕಿನಲ್ಲಿ ದೊಡ್ಡವ್ವನ ಅರ್ಧ ಮುಖ. ಲೋಟ ಬಡಿದೊಡನೆ ನೀರು ಕಪ್ಪಾಗುತ್ತಿತ್ತು, ಅಷ್ಟು ಮರಿಗಳು ಒಮ್ಮೆಗೇ ಏಳುತ್ತಿದ್ದವು. ನಾನು ಬಂದೆನೆಂದು ಬರುತ್ತವೆ ಎಂದು ಮನಸ್ಸಿಗೆ ಅನ್ನಿಸುತ್ತಿತ್ತು. ಲೋಟಕ್ಕೆ ಬರುತ್ತವೆ ಎಂದು ತಿದ್ದಿಕೊಳ್ಳುತ್ತಿದ್ದೆ. ಆದರೂ ಮರುದಿನ ಮತ್ತೆ ಹಾಗೆಯೇ ಅನ್ನಿಸುತ್ತಿತ್ತು. ಇದೇ ಹಿತ್ತಲಿನಲ್ಲಿ ಯಾರೋ ನನಗೂ ಹೀಗೆ ಹೊಸ ರುಚಿ ಹಿಡಿಸಿದ್ದರು, ಹಾಲಿನ ಬದಲು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಅದರ ಒಂದು ತುತ್ತೂ ನನಗೆ ನೆನಪಿಲ್ಲ. ನೆನಪಿದ್ದಿದ್ದರೆ ಎಂದು ಎಷ್ಟು ಆಸೆಪಟ್ಟೆನೋ. ದಿನಚರಿಯಲ್ಲಿ ಆ ಸಂಜೆಗಳ ಬಗ್ಗೆ ನಾನು ಬರೆದದ್ದೆಲ್ಲ ನೀರಿನ ಬಣ್ಣ ಮತ್ತು ಮಳೆ.

ಹುಳು ಪೂರ್ತಿ ನಿಂತಿತು. ಒಣ ಉಂಡೆಯನ್ನು ಮರಿಗಳು ತಟ್ಟೆ ತಳ ಮುಟ್ಟುವ ಮೊದಲೇ ಮುತ್ತುತ್ತಿದ್ದವು. ಮೈ ತುಂಬಿಕೊಂಡವು. ಯಳವತ್ತಿಯವನಿಗೆ ದೊಡ್ಡಪ್ಪ ಫೋನ್ ಮಾಡಿದ. ನಾಳೆಯೇ ಗಾಡಿ ತರುತ್ತೇನೆ ಎಂದ ಅವನು.

ಆ ಸಂಜೆ ದೊಡ್ಡವ್ವ ಹಿತ್ತಲಿಗೆ ಬಂದಳು, ಗೋಡೆಗೆ ಆತುಕೊಳ್ಳದೆ, ನೇರ ತೊಟ್ಟಿಗೆ. ಅಂಚಿನಲ್ಲಿ ಕುಳಿತು ಹಲ್ಲಿನಿಂದ ಗಂಟು ಸಡಿಲಿಸಿ, ಬಳೆಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಬಟ್ಟೆ ಬೆವರಿಗೆ, ಹಿಟ್ಟಿಗೆ ಕಪ್ಪಾಗಿತ್ತು. ಕೆಳಗಿನ ಮೈ ಬೆಳ್ಳಗೆ, ಸುಕ್ಕಾಗಿ ಕಂಡಿತು. ಕೈಯನ್ನು ನೀರಿನ ಮೇಲೆ ಚಾಚಿ ಬಳೆಗಳನ್ನು ಸಿಮೆಂಟಿಗೆ ತಾಗಿಸಿದಳು. ಮೊದಲಿನ ಹಾಗೆಯೇ. ಅದೇ ಜಾಗ, ಅದೇ ಹೊತ್ತು.

ಹಂಚಿನ ಕೆಳಗಿನಿಂದ ಏನೂ ಹೊರಡಲಿಲ್ಲ.

ಇನ್ನೊಮ್ಮೆ ತಾಗಿಸಿದಳು. ಒಂದು ಮರಿ ಮೇಲೆ ಬಂತು, ಮೂತಿ ಹೊರಗಿಟ್ಟು ಗಾಳಿ ಗುಟುಕರಿಸಿತು, ಅವಳ ಕೈಯ ಪಕ್ಕದಲ್ಲೇ ತಿರುಗಿ ಕೆಳಗೆ ಹೋಯಿತು.

"ಆತು," ಎಂದಳು. "ಬಿಟ್ಟಾವು."

ನಾನು ಹಿಟ್ಟಿನ ತಟ್ಟೆ ಕೈಗೆತ್ತಿಕೊಂಡೆ.

"ಎಲ್ಲಿ, ನಿನ್ನ ಲೋಟ ಬಡಿ."

"ಬ್ಯಾಡ ಬಿಡು, ದೊಡ್ಡವ್ವ."

"ಬಡಿಬೇ. ನೋಡೂಣು."

ಬಡಿದೆ. ನೀರು ಕಪ್ಪಾಯಿತು. ಮರಿಗಳೆಲ್ಲ ನನ್ನ ಮೂಲೆಗೆ ಬಂದು ಒಂದರ ಮೇಲೊಂದು ಹೊರಳಾಡಿದವು. ದೊಡ್ಡವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀರಿನ ಮೇಲೆ ಚಾಚಿಕೊಂಡೇ ಅವುಗಳನ್ನು ನೋಡಿದಳು, ಬಹಳ ಹೊತ್ತು.

"ಚೊಲೊ ಆತು," ಎಂದಳು. "ಹಿಂಗ ಆಗಬೇಕು."

ಇಷ್ಟು ವರ್ಷ ಹೊರಬರದ ಮಾತು ಆಗ ಹೊರಬಂತು. "ನನ್ನ ಕರಕೊಂಡ ಹೋದ ದಿನ ನೀ ಎಲ್ಲಿದ್ದಿ?"

ಅವಳು ಅಚ್ಚರಿಪಡಲಿಲ್ಲ. "ಎಲ್ಲಿ ಹೋಗಲಿ? ಇಲ್ಲೇ," ಎಂದು ತೊಟ್ಟಿಯ ಪಕ್ಕದ ಖಾಲಿ ಜಾಗ ತೋರಿಸಿದಳು. "ಬಣವಿ ಹಿಂದ. ನೀ ನನ್ನ ನೋಡಿದ್ರ ಹೋಗತಿದ್ದಿಲ್ಲ. ನಿಮ್ಮವ್ವ ಕಾಯಾಕತ್ತಿದ್ಲು, ಪಾಪ. ಎಷ್ಟ ವರ್ಷ ಆಕಿ ನಿನ್ನ ಬಿಟ್ಟಿದ್ಲು."

"ನನಗ ಗೊತ್ತಿತ್ತು. ನಿನ್ನ ಬಳಿ ಸದ್ದ ಕೇಳಿದ್ದೆ ನಾ. ತಿರುಗಿ ನೋಡಿದ್ದೆ."

ಅವಳು ನನ್ನನ್ನು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಆ ಬಟ್ಟೆಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ತಲೆ ಅಲ್ಲಾಡಿಸಿದಳು.

"ಇಲ್ಲ ಮಗಳ. ಕೇಳಿರಾಕ ಆಗೂದಿಲ್ಲ. ಅವತ್ತೂ ಬಳಿಗೆ ಅರಿವಿ ಸುತ್ತಿದ್ದೆ."

ಮರಿಗಳು ತಟ್ಟೆಗಾಗಿ ಕಾಯುತ್ತಿದ್ದವು. ನಾನು ಇಳಿಸಲಿಲ್ಲ. ನವಿಲುಗಳು ಹೋದವು, ಬೆಲ್ಲ ಹೋಯಿತು, ಅವೆಲ್ಲ ಹೋಗಲಿ ಎಂದು ಬಿಟ್ಟುಕೊಟ್ಟಿದ್ದೆ. ಈ ಒಂದು ಸದ್ದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ನಿದ್ದೆ ಬಾರದಾಗ, ತಮ್ಮನನ್ನು ಅವ್ವ ತೊಡೆಯ ಮೇಲೆ ಮಲಗಿಸಿಕೊಂಡದ್ದನ್ನು ಬಾಗಿಲಲ್ಲಿ ನಿಂತು ನೋಡುವಾಗ, ಆ ಸದ್ದು ನನ್ನದಾಗಿತ್ತು. ಯಾರೋ ಮರೆಯಲ್ಲಿದ್ದರು, ನನಗೆ ಕೇಳಲೆಂದೇ ಒಮ್ಮೆ ಕೈ ಆಡಿಸಿದರು ಎಂದು. ಅವಳು ಮರೆಯಲ್ಲಿ ಇದ್ದದ್ದು ನಿಜವಾಯಿತು. ಸದ್ದು ನಿಜವಲ್ಲ. ಹಾಗಾದರೆ ನಾನು ತಿರುಗಿ ನೋಡಿದ್ದು ಯಾವುದಕ್ಕೆ? ತಿರುಗಿ ನೋಡಿದೆನೇ? ಇಲ್ಲ, ಅವಳೇ ಮರೆತಿದ್ದಾಳೆಯೇ, ಅಂದಿನ ಬಟ್ಟೆಗೂ ಇಂದಿನ ಬಟ್ಟೆಗೂ ಗಂಟು ಬಿದ್ದು ಒಂದಾಗಿದೆಯೇ? ಅವಳ ನೆನಪು ನನ್ನದಕ್ಕಿಂತ ಗಟ್ಟಿ ಎಂದು ನಂಬಲು ಕಾರಣವಿಲ್ಲ. ಆದರೂ ನಾನು ಅವಳನ್ನೇ ನಂಬಿದೆ.

"ಆಮ್ಯಾಲ ನಿನ್ನ ದೀಪಾವಳಿಗೆ ಕರಕೊಂಡ ಬಂದಿದ್ರು," ಎಂದಳು ಅವಳು, ನೀರನ್ನು ನೋಡುತ್ತ. "ಅಲ್ಲೀತನಕ ನಾ ಬೆಟಗೇರಿ ಕಡೆ ಹಾದಿರಲಿಲ್ಲ. ಹೊಸ ಅಂಗಿ ಹಾಕ್ಕೊಂಡ ಬಂದಿದ್ದಿ. ಬಾಗಲಾಗ ನಿಂತಿದ್ದೆ ನಾ."

ಅಷ್ಟು ಹೇಳಿ ನಿಲ್ಲಿಸಿದಳು. ಆ ದೀಪಾವಳಿ ನನಗೆ ಗೊತ್ತೇ ಇಲ್ಲ. ಅಂಗಿಯ ಬಣ್ಣವೂ ಇಲ್ಲ, ಬಾಗಿಲಲ್ಲಿ ನಿಂತ ಹೆಂಗಸೂ ಇಲ್ಲ. ಎಷ್ಟು ತಡಕಾಡಿದರೂ ಅಲ್ಲಿ ಏನೂ ಸಿಗುವುದಿಲ್ಲ, ತಪ್ಪು ನೆನಪು ಕೂಡ.

ನಾನು ಅವಳನ್ನು ಒಂದು ಪ್ರಶ್ನೆ ಕೇಳಿದೆ. ಅವಳು ಎದ್ದು, ಸೀರೆ ಕೊಡವಿಕೊಂಡು, "ಹಸದಾವ, ತಾಟ ಇಳಸು" ಎಂದು ಒಳಗೆ ಹೋದಳು. ಆ ಬಟ್ಟೆಯ ಪಟ್ಟಿಗಳನ್ನು ತೊಟ್ಟಿಯ ಅಂಚಿನಲ್ಲೇ ಬಿಟ್ಟಿದ್ದಳು. ಮರುದಿನ ಯಳವತ್ತಿಯವನು ಬಂದು ಮರಿಗಳನ್ನು ನೀರು ತುಂಬಿದ ಡ್ರಮ್ಮುಗಳಲ್ಲಿ ಒಯ್ದ. ಲೋಟವನ್ನೂ ಕೇಳಿ ತೆಗೆದುಕೊಂಡ. ಗಾಡಿ ಹೊರಡುವಾಗ ದೊಡ್ಡವ್ವ ಅಡುಗೆಮನೆಯಲ್ಲಿದ್ದಳು. ಬೆಟಗೇರಿಗೆ ಬಂದ ಮೇಲೆ ಫೋನಿನಲ್ಲಿ ಅದನ್ನೇ ಮತ್ತೆ ಕೇಳಿದ್ದೇನೆ. ಹೊಳೆಗೆ ನೀರು ಎಷ್ಟು ಬಂದಿದೆ ಎಂದು ಹೇಳುತ್ತಾಳೆ, ದೊಡ್ಡಪ್ಪನ ಮೊಣಕಾಲು 'ಹಂಗೈತಿ' ಎಂದು ಹೇಳುತ್ತಾಳೆ, ಊಟ ಆಯಿತೇ ಎಂದು ಕೇಳುತ್ತಾಳೆ. ಆ ಸಂಜೆ ತೊಟ್ಟಿಯ ಬಳಿ ನಾನು ಕೇಳಿದ್ದು ಇಷ್ಟೇ:

"ಆ ದೀಪಾವಳಿಗೆ ಬಂದಾಗ ನಾ ನಿನ್ನ ಗುರ್ತು ಹಿಡಿದಿದ್ನೇನು, ದೊಡ್ಡವ್ವ?"